ಮೂಕಿಯುಗದ ತಾರೆ ಸುಲೋಚನಾ

ಮೂಕಿಚಿತ್ರಗಳು, ಅಂದರೆ ಧ್ವನಿಯಿಲ್ಲದೆ ದೃಶ್ಯಗಳ ನಡುವೆ ಬರಹದ ಫಲಕಗಳನ್ನು ತೋರಿಸಿ ಕಥೆ ನಡೆಸುತ್ತಿದ್ದ ಚಿತ್ರಗಳು, ನಟಿಯ ಮನೆಮಾತು ಯಾವುದೆಂದು ಕೇಳುತ್ತಿರಲಿಲ್ಲ. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ತಾರಾಮತಿ ಪಾತ್ರಕ್ಕೆ ಹೆಂಗಸರು ದೊರೆಯದೆ ಸಾಳುಂಕೆ ಎಂಬ ಯುವಕ ಹೆಣ್ಣುವೇಷ ಧರಿಸಬೇಕಾಯಿತು. ನಟನೆಯನ್ನು ಮರ್ಯಾದಸ್ಥ ಮನೆತನಗಳು ದೂರವಿಟ್ಟಿದ್ದುದರಿಂದ, ಮುಂದೆ ಆ ತೆರವಿಗೆ ಬಂದವರಲ್ಲಿ ಯಹೂದಿ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು ಗಮನಾರ್ಹ ಸಂಖ್ಯೆಯಲ್ಲಿದ್ದರು. ಅವರಲ್ಲಿ ಅಗ್ರಗಣ್ಯರು ಸುಲೋಚನಾ.

1907ರಲ್ಲಿ ಪುಣೆಯಲ್ಲಿ, ಇರಾಕಿನ ಕಡೆಯಿಂದ ಬಂದು ನೆಲೆಸಿದ್ದ ಬಾಗ್ದಾದಿ ಯಹೂದಿ ಸಮುದಾಯದಲ್ಲಿ ಹುಟ್ಟಿದ ಅವರ ಮೂಲ ಹೆಸರು ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿದ್ದ ಅವರನ್ನು ಕೊಹಿನೂರ್ ಫಿಲ್ಮ್ ಕಂಪನಿಗೆ ಕರೆತಂದವರು ನಿರ್ದೇಶಕ ಮೋಹನ್ ಭವನಾನಿ. 1925ರ ‘ವೀರಬಾಲಾ’ದಿಂದ ಆರಂಭವಾದ ಈ ಪಯಣದಲ್ಲಿ ‘ಟೈಪಿಸ್ಟ್ ಗರ್ಲ್’ನಂಥ ಚಿತ್ರಗಳು ಕಚೇರಿಯಲ್ಲಿ ದುಡಿಯುವ ನಗರದ ಹೆಣ್ಣನ್ನು ಕಥಾನಾಯಕಿಯಾಗಿಸಿದರೆ, 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಅವರೊಬ್ಬರೇ ತೋಟದ ಮಾಲಿ, ಪೊಲೀಸ್, ಐರೋಪ್ಯ ಸುಂದರಿ ಸೇರಿದಂತೆ ಎಂಟು ವೇಷಗಳಲ್ಲಿ ಕಾಣಿಸಿಕೊಂಡರು. ಕಲಾವಿದರನ್ನು ತಿಂಗಳ ಸಂಬಳಕ್ಕೆ ನೇಮಿಸಿಕೊಳ್ಳುತ್ತಿದ್ದ ಅಂದಿನ ಸ್ಟುಡಿಯೋ ಪದ್ಧತಿಯಲ್ಲಿ, ಇಂಪೀರಿಯಲ್ ಕಂಪನಿ ಸೇರಿದ ಅವರಿಗೆ ತಿಂಗಳಿಗೆ 5000 ರೂಪಾಯಿ ದೊರೆಯುತ್ತಿತ್ತೆಂಬುದು ಚಿತ್ರರಂಗದ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ನಟ ದಿನ್‌ಶಾ ಬಿಲ್ಲಿಮೋರಿಯಾ ಅವರೊಂದಿಗಿನ ಜೋಡಿಯೂ ಅಷ್ಟೇ ಜನಪ್ರಿಯವಾಗಿತ್ತು.

1931ರ ಮಾರ್ಚ್ 14ರಂದು ಅದೇ ಇಂಪೀರಿಯಲ್ ಕಂಪನಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ವನ್ನು ತೆರೆಗೆ ತಂದಾಗ ಅದರ ನಾಯಕಿ ಜುಬೇದಾ ಆಗಿದ್ದರು. ಭಾವವನ್ನು ಮುಖ, ಕಣ್ಣು ಮತ್ತು ಅಂಗಚಲನೆಗಳಿಂದಲೇ ತಿಳಿಸುವ ಕಲೆಯಲ್ಲಿ ಪಳಗಿದ್ದ ಸುಲೋಚನಾ, ಹಿಂದೂಸ್ತಾನಿ ನುಡಿಯ ಮೇಲೆ ಹಿಡಿತವಿಲ್ಲದ ಕಾರಣ ಅಭಿನಯಕ್ಕೆ ಬಿಡುವು ಕೊಟ್ಟು ಅದನ್ನು ಕಲಿತರು. 1932ರಲ್ಲಿ ತಮ್ಮದೇ ಮೂಕಿಚಿತ್ರವಾದ ‘ಮಾಧುರಿ’ಯ ವಾಕ್ಚಿತ್ರ ರೂಪದೊಂದಿಗೆ ಮರಳಿದರು.

ಅವರ ವೃತ್ತಿಜೀವನದ ಏರಿಳಿತಗಳೆಲ್ಲ ‘ಅನಾರ್ಕಲಿ’ಯ ಕಥೆಯೊಂದರಲ್ಲೇ ದಾಖಲಾಗಿವೆ: 1928ರ ಮೂಕಿಯಲ್ಲಿಯೂ 1935ರ ವಾಕ್ಚಿತ್ರದಲ್ಲಿಯೂ ಅನಾರ್ಕಲಿಯಾಗಿದ್ದವರು, 1953ರ ಚಿತ್ರದಲ್ಲಿ ಅನಾರ್ಕಲಿಯ ಪ್ರಿಯಕರ ಸಲೀಮನ ತಾಯಿಯಾದರು. 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1983ರಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು. ವಾಕ್ಚಿತ್ರಗಳಲ್ಲಿ ಅವರಿಗೆ ಹೆಸರು ತಂದ ಹಲವು ಪಾತ್ರಗಳು ಮೂಕಿಯುಗದಲ್ಲೇ ರೂಪುಗೊಂಡಿದ್ದವು ಎಂಬುದನ್ನು ನೆನೆದರೆ, ಆ ಯುಗವನ್ನು ಸಿನಿಮಾದ ಬಾಲ್ಯವೆಂದು ಕಡೆಗಣಿಸದೆ, ಭಾರತೀಯ ನಟಿಗೆ ಸಾರ್ವಜನಿಕ ಸ್ಥಾನವನ್ನೂ ಸ್ವಂತ ದುಡಿಮೆಯ ಗೌರವವನ್ನೂ ಗಳಿಸಿಕೊಟ್ಟ ಕಾಲವೆಂದು ಪರಿಗಣಿಸಬೇಕಾಗುತ್ತದೆ.