ವಕ್ಫ್ ಮಾಡಿದ್ದನ್ನು ಮರಳಿ ಪಡೆಯಬಹುದೇ?

ಈ ಪ್ರಶ್ನೆ ಗುರು-ಶಿಷ್ಯರ ನಡುವೆಯೇ ಎದ್ದಿತ್ತು. ಖಾಝಿಯ ತೀರ್ಪು ಆಗಿರದಿದ್ದರೆ ಅಥವಾ ತನ್ನ ಮರಣಾನಂತರಕ್ಕೆಂದು ಹೇಳಿರದಿದ್ದರೆ ದಾನಿ ಹಿಂಪಡೆಯಬಹುದು ಎಂದರು ಇಮಾಮ್ ಅಬೂ ಹನೀಫಾ(ರ). ಶಿಷ್ಯ ಅಬೂ ಯೂಸುಫ್(ರ) ಒಪ್ಪಲಿಲ್ಲ. ಬಾಯಿಂದ ಹೇಳಿದೊಡನೆ ಆಸ್ತಿ ಕೈಬಿಟ್ಟಿತು ಎಂದರು. ಹಝ್ರತ್ ಉಮರ್(ರ) ಪ್ರವಾದಿ(ಸ)ಯವರ ಸಲಹೆಯಂತೆ ಖೈಬರ್‌ನ ಭೂಮಿಯನ್ನು ವಕ್ಫ್ ಮಾಡಿದಾಗ, ಅದನ್ನು ಮಾರಬಾರದು, ಉಡುಗೊರೆ ಕೊಡಬಾರದು, ವಾರಸುದಾರರಿಗೆ ಹಂಚಬಾರದು ಎಂದೇ ಷರತ್ತಿತ್ತಲ್ಲವೇ? ಫಲ ಮಾತ್ರ ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ. ಹನಫೀ ಫತ್ವಾ ಕೊನೆಗೆ ಶಿಷ್ಯರ ಕಡೆಗೇ ವಾಲಿತು. ನಮ್ಮ ಕರಾವಳಿಯ ಶಾಫಿಈಗಳಿಗೆ ಈ ಗೊಂದಲವೇ ಇರಲಿಲ್ಲ!

ಬಂಧುಗಳಿಗೂ ಪಾಲಿದ್ದುದರಿಂದ ಮಕ್ಕಳ ಹೆಸರಿನ ವಕ್ಫ್, ಅಂದರೆ 'ವಕ್ಫ್ ಅಲಲ್ ಔಲಾದ್' ಕೂಡ ನಡೆದುಬಂತು. ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. ಇಬ್ಬರು ಸಹೋದರರು ತಮ್ಮ ಸಂತತಿಗೆ ಮಾಡಿದ್ದ ವಕ್ಫನ್ನು 1894ರಲ್ಲಿ ಪ್ರಿವಿ ಕೌನ್ಸಿಲ್ ತಳ್ಳಿಹಾಕಿತು. ವಂಶವೇ ಅಳಿದ ಮೇಲೆ ಬಡವರಿಗೆ ಎಂಬುದು ಬರೀ ನೆಪ ಎಂಬುದು ಅದರ ವಾದ. ಮನೆಮಂದಿಯನ್ನು ಸಾಕುವುದೂ ಸದಕಾ ಎಂದು ನಂಬಿದ ನಮಗೆ ಅದು ದೊಡ್ಡ ಪೆಟ್ಟು. ಮೌಲಾನಾ ಶಿಬ್ಲಿ ನುಅಮಾನಿ ಜನಾಭಿಪ್ರಾಯ ಕಟ್ಟಿದರು, ಜಿನ್ನಾ ಮಸೂದೆ ತಂದರು, 1913ರಲ್ಲಿ ಕಾನೂನಾಯಿತು. ಅದಕ್ಕೂ ಹಿಂದಿನ ವಕ್ಫ್‌ಗಳಿಗೆ ರಕ್ಷಣೆ ಸಿಕ್ಕಿದ್ದು 1930ರಲ್ಲಿ.

ಮನಸ್ಸು ಬದಲಿಸುವ ಅವಕಾಶ ಬೇಕೆನ್ನುವವರಿಗೆ ನಾವು ವಸಿಯ್ಯತ್ ತೋರಿಸುತ್ತೇವೆ. ಬದುಕಿರುವವರೆಗೂ ಅದನ್ನು ತಿದ್ದಬಹುದು. ಆದರೆ ಇತರ ವಾರಸುದಾರರು ಒಪ್ಪದೆ ಮೂರನೇ ಒಂದಂಶ ಮೀರುವಂತಿಲ್ಲ, ಒಬ್ಬ ವಾರಸುದಾರನಿಗೆ ಬರೆಯುವಂತೆಯೂ ಇಲ್ಲ. ಕೆಲವರು ವಕ್ಫ್‌ನತ್ತ ಬರುವುದೇ ಈ ಮಿತಿ ತಪ್ಪಿಸಲು, ಅದರಲ್ಲೂ ಹೆಣ್ಣುಮಕ್ಕಳ ಪಾಲು ತಪ್ಪಿಸಲು. ಮುಚ್ಚಿಡುವುದೇಕೆ? ಕುಟುಂಬದ ವಕ್ಫ್‌ನಿಂದ ಮಹಿಳೆಯರೂ ಸೇರಿ ಯಾವ ವಾರಸುದಾರರ ಹಕ್ಕೂ ತಪ್ಪಬಾರದೆಂದು 2025ರ ತಿದ್ದುಪಡಿಯಲ್ಲಿ ಬರೆಯಲಾಗಿದೆ.