ನಿನ್ನೆಯ ಫೈಲು ಇಂದು ಬೇಕಾದರೆ: ಸ್ನ್ಯಾಪ್‌ಶಾಟ್ ನಡೆದು ಬಂದ ದಾರಿ

ಫೋನಿನಲ್ಲಿ ಫೋಟೊ ಅಳಿಸಿಹೋದರೆ ನಾವೆಲ್ಲ ಮೊದಲು ಹುಡುಕುವುದು ಕಸದ ಬುಟ್ಟಿಯ ಗುರುತನ್ನು. 1980ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯಗಳ ಯುನಿಕ್ಸ್ ಕಂಪ್ಯೂಟರುಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ಆ ಬುಟ್ಟಿ ಇರಲಿಲ್ಲ. ಅಳಿಸಿದರೆ ಅಳಿಸಿದಂತೆಯೇ. ಬ್ಯಾಕಪ್ ಟೇಪಿನಲ್ಲಿ ಪ್ರತಿ ಇದ್ದರೂ ಅದನ್ನು ಕೇಳಲು ಟೇಪ್ ನೋಡಿಕೊಳ್ಳುವ ಸಿಬ್ಬಂದಿಯ ಬಳಿ ಹೋಗಬೇಕಿತ್ತು. ಹಳೆಯ ಪಹಣಿಗಾಗಿ ರೆಕಾರ್ಡ್ ರೂಮಿನ ಮುಂದೆ ಕಾದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಟೇಪಿಗೆ ಇನ್ನೊಂದು ತೊಡಕಿತ್ತು. ಪ್ರತಿ ತೆಗೆಯುವ ಕೆಲಸ ಗಂಟೆಗಟ್ಟಲೆ ನಡೆಯುತ್ತಿತ್ತು. ಅಷ್ಟರೊಳಗೆ ಜನ ಫೈಲುಗಳನ್ನು ತಿದ್ದುತ್ತಲೇ ಇರುತ್ತಿದ್ದರು. ಹೀಗಾಗಿ ಟೇಪಿನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಕಲಸಿಹೋಗುತ್ತಿತ್ತು.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಇದಕ್ಕೆ ಒಂದು ದಾರಿ ಕಂಡುಕೊಂಡಿತು. ಐಬಿಎಂ ಜೊತೆ ಸೇರಿ ಅಲ್ಲಿ ಕಟ್ಟಿದ ವ್ಯವಸ್ಥೆಯ ಹೆಸರು ಆಂಡ್ರ್ಯೂ ಫೈಲ್ ಸಿಸ್ಟಮ್. ಆ ತಂಡದ ಪ್ರಮುಖರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ಮಹದೇವ್ ಸತ್ಯನಾರಾಯಣನ್ ಒಬ್ಬರು. ಸಾವಿರಾರು ಕಂಪ್ಯೂಟರುಗಳಿಗೆ ಒಂದೇ ಫೈಲ್ ವ್ಯವಸ್ಥೆ ಒದಗಿಸುವುದು ಅವರ ಗುರಿಯಾಗಿತ್ತು. 1988ರಲ್ಲಿ ತಂಡದವರು ಪ್ರಕಟಿಸಿದ ಪ್ರಬಂಧದಲ್ಲಿ ಇದರ ವಿವರಗಳಿವೆ.

ಅವರು ದೊಡ್ಡ ಡಿಸ್ಕನ್ನು 'ವಾಲ್ಯೂಮ್' ಎಂಬ ಸಣ್ಣ ಸಣ್ಣ ಭಾಗಗಳಾಗಿ ಹಂಚಿದರು. ಒಬ್ಬ ಬಳಕೆದಾರನಿಗೆ ಒಂದು ವಾಲ್ಯೂಮ್. ಅದರಲ್ಲೇ ಅವನ ಹೋಮ್ ಡೈರೆಕ್ಟರಿ, ಅಂದರೆ ಅವನ ಪತ್ರ, ಲೆಕ್ಕ, ಬರಹ ಎಲ್ಲ ಇರುವ ಸ್ವಂತ ಫೋಲ್ಡರ್. ಪ್ರೋಗ್ರಾಮುಗಳು ಹಾಳಾದರೆ ಮತ್ತೆ ಹಾಕಿಕೊಳ್ಳಬಹುದು, ಬರೆದ ಪ್ರಬಂಧ ಹೋದರೆ ಹೋಯಿತು. ಮನೆಗೊಂದು ವಾಲ್ಯೂಮ್ ಇದ್ದದ್ದರಿಂದ ಬೇಕಾದ ಮನೆಯನ್ನಷ್ಟೇ ಆರಿಸಿ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಡಬಹುದಾಯಿತು. ಈ ಹಿಡಿದಿಟ್ಟ ಸ್ಥಿತಿಯೇ ಸ್ನ್ಯಾಪ್‌ಶಾಟ್. ಅದು ಬದಲಾಗದ ಕಾರಣ ಟೇಪಿಗೆ ನಿಧಾನವಾಗಿ ಇಳಿಸಿದರೂ ಕಲಬೆರಕೆ ಆಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದನ್ನು ಬಳಕೆದಾರನ ಫೋಲ್ಡರಿನೊಳಗೇ ಓದಲು ಬರುವಂತೆ ಇಟ್ಟರು. ನಿನ್ನೆಯ ಫೈಲು ಬೇಕೇ? ಯಾರನ್ನೂ ಕೇಳಬೇಡಿ, ನೀವೇ ನಕಲು ಮಾಡಿಕೊಳ್ಳಿ.

ಇಡೀ ಫೋಲ್ಡರಿನ ನಕಲು ಇಟ್ಟರೆ ಜಾಗ ಎರಡು ಪಟ್ಟು ಬೇಡವೇ? ಬೇಡ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೆನಪಿಸಿಕೊಳ್ಳಿ. ಹಳೆಯ ಪುಟವನ್ನು ಅಳಿಸದೆ, ಬದಲಾದ ಲೆಕ್ಕವನ್ನು ಹೊಸ ಪುಟದಲ್ಲಿ ಬರೆದು, ಯಾವ ಲೆಕ್ಕ ಯಾವ ಪುಟದಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಹೊಸದಾಗಿ ಮಾಡಿದರೆ ಸಾಕು. ಹಳೆಯ ಪಟ್ಟಿ ಹಿಡಿದವನಿಗೆ ಹಳೆಯ ಲೆಕ್ಕ, ಹೊಸ ಪಟ್ಟಿ ಹಿಡಿದವನಿಗೆ ಹೊಸ ಲೆಕ್ಕ. ಬದಲಾಗದ ಪುಟಗಳು ಇಬ್ಬರಿಗೂ ಒಂದೇ.

1992ರಲ್ಲಿ ಶುರುವಾದ ನೆಟ್‌ವರ್ಕ್ ಅಪ್ಲಯನ್ಸ್ ಕಂಪನಿ (ಇಂದಿನ ನೆಟ್‌ಆಪ್) ಇದನ್ನೇ ತನ್ನ ಸರ್ವರಿನ ಜೀವಾಳ ಮಾಡಿಕೊಂಡಿತು. ಡೇವ್ ಹಿಟ್ಜ್, ಜೇಮ್ಸ್ ಲಾವ್, ಮೈಕಲ್ ಮಾಲ್ಕಮ್ 1994ರಲ್ಲಿ ಬರೆದ ಪ್ರಬಂಧದ ಪ್ರಕಾರ 20 ಸ್ನ್ಯಾಪ್‌ಶಾಟ್‌ಗಳವರೆಗೆ ಇಟ್ಟುಕೊಳ್ಳಬಹುದಿತ್ತು. ದಿನಕ್ಕೆ ಹಲವು ಸಲ ತೆಗೆದ ಈ ಸ್ಥಿತಿಗಳನ್ನು ಬಳಕೆದಾರರು ಗುಪ್ತ ಫೋಲ್ಡರೊಂದರಲ್ಲಿ ತಾವೇ ನೋಡಬಹುದಿತ್ತು.

ಆದರೆ ಹಳೆಯ ಪುಟ ಉಳಿಯುವುದೂ ಪುಕ್ಕಟೆಯಲ್ಲ. ಒಂದು ಸಿನಿಮಾ ಇಳಿಸಿಕೊಂಡು, ನೋಡಿ, ಅಳಿಸಿದಿರಿ ಎನ್ನೋಣ. ನಡುವೆ ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಅದು ಆ ಸಿನಿಮಾವನ್ನು ಹಿಡಿದೇ ಇರುತ್ತದೆ, ಜಾಗ ಖಾಲಿಯಾಗುವುದಿಲ್ಲ. ಹಾಗಾಗಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಮುಖ್ಯವಾಯಿತು. ಸನ್ ಕಂಪನಿ 2005ರಲ್ಲಿ ಮೂಲ ಕೋಡ್ ಬಿಡುಗಡೆ ಮಾಡಿದ ಝಡ್‌ಎಫ್‌ಎಸ್‌ನಲ್ಲಿ ಪ್ರತಿ ಹೋಮ್ ಡೈರೆಕ್ಟರಿಗೂ ಬೇರೆಯದೇ ಫೈಲ್ ಸಿಸ್ಟಮ್ ಮಾಡುವುದು ಸುಲಭವಾಯಿತು. ಕ್ರಿಸ್ ಮೇಸನ್ ಆರಂಭಿಸಿದ, 2009ರಲ್ಲಿ ಲಿನಕ್ಸ್‌ಗೆ ಸೇರಿದ ಬಿಟಿಆರ್‌ಎಫ್‌ಎಸ್‌ನಲ್ಲಿ 'ಸಬ್‌ವಾಲ್ಯೂಮ್' ಬಂತು. ಮನೆಯ ಫೋಲ್ಡರಿನೊಳಗೆ ಡೌನ್‌ಲೋಡ್‌ಗಳಿಗೆಂದೇ ಬೇರೆ ಸಬ್‌ವಾಲ್ಯೂಮ್ ಮಾಡಿದರೆ, ಮನೆಯ ಸ್ನ್ಯಾಪ್‌ಶಾಟ್ ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹಿಡಿಯುತ್ತದೆ.

ಇಷ್ಟಾದರೂ ಸ್ನ್ಯಾಪ್‌ಶಾಟ್ ಒಂದೇ ಬ್ಯಾಕಪ್ ಆಗದು. ಹಳೆಯ ಪುಟ, ಹೊಸ ಪುಟ ಎರಡೂ ಇರುವುದು ಒಂದೇ ಪುಸ್ತಕದಲ್ಲಿ. ಡಿಸ್ಕ್ ಸುಟ್ಟರೆ ಎರಡೂ ಹೋದಂತೆ. ಕಾರ್ನೆಗಿ ಮೆಲನ್‌ನವರು ಟೇಪಿಗೆ ಇಳಿಸುವುದನ್ನು ನಿಲ್ಲಿಸದೇ ಇದ್ದದ್ದು ಇದಕ್ಕೇ. ಸ್ನ್ಯಾಪ್‌ಶಾಟ್‌ಗಳ ನಡುವೆ ಬದಲಾದಷ್ಟನ್ನೇ ಬೇರೆ ಯಂತ್ರಕ್ಕೆ ಕಳಿಸುವ ಸೌಲಭ್ಯ ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎರಡರಲ್ಲೂ ಇರುವುದೂ ಇದಕ್ಕೇ.

ಈ ತಂತ್ರ ಈಗ ನಮ್ಮ ಜೇಬಿಗೂ ಬಂದಿದೆ. 2020ರ ಆಂಡ್ರಾಯ್ಡ್ 11ರಿಂದೀಚೆಗೆ ಅನೇಕ ಫೋನುಗಳು ಅಪ್‌ಡೇಟ್ ಹಾಕುವಾಗ ಸ್ನ್ಯಾಪ್‌ಶಾಟ್ ಬಳಸುತ್ತವೆ. ಆದರೆ ಅಲ್ಲಿ ಆಯ್ಕೆ ತಿರುವುಮುರುವು. ಅದು ಕಾಯುವುದು ಫೋನಿನ ಸಿಸ್ಟಮನ್ನು. ಅಪ್‌ಡೇಟ್ ಕೈಕೊಟ್ಟರೆ ಹಳೆಯ ಸಿಸ್ಟಮ್ ಮರಳುತ್ತದೆ, ನೀವು ಅಳಿಸಿದ ಫೋಟೊ ಮರಳುವುದಿಲ್ಲ. ಪಿಟ್ಸ್‌ಬರ್ಗಿನವರು ಮೊದಲು ಕಾಪಾಡಿದ್ದು ಮತ್ತೆ ಸಿಗದ ವಸ್ತುವನ್ನು. ನಮ್ಮ ಫೋನಿನಲ್ಲಿ ಅಂಥದ್ದು ಯಾವುದು ಎಂದು ಆರಿಸಬೇಕಾದವರು ನಾವೇ: ಅಜ್ಜಿಯ ದನಿ, ಜಮೀನಿನ ಪತ್ರದ ಫೋಟೊ, ಮಗಳ ಅಂಕಪಟ್ಟಿ. ಇಂಥವನ್ನಷ್ಟೇ ಆರಿಸಿ, ಫೋನಿನ ಹೊರಗೆ ಇನ್ನೊಂದು ಕಡೆ ಒಂದು ಪ್ರತಿ ಇಟ್ಟುಕೊಳ್ಳೋಣ.