ಮಹ್ದಿಯ ನಿರೀಕ್ಷೆ: ಜೌನ್‌ಪುರದಿಂದ ಚನ್ನಪಟ್ಟಣದವರೆಗೆ

ಕಳೆದ ತಿಂಗಳು ಜುಮುಆ ಮುಗಿದ ಮೇಲೆ ದೊಡ್ಮನೆ ಕಡೆಯ ಹುಡುಗನೊಬ್ಬ ಮೊಬೈಲ್ ಹಿಡಿದು ನಮ್ಮ ಬಳಿ ಬಂದ. ಇಮಾಮ್ ಮಹ್ದಿ ಬರುವ ವರ್ಷವನ್ನು ಲೆಕ್ಕ ಹಾಕಿ ತೋರಿಸುವ ವಿಡಿಯೋ ಅದು. "ಹಜ್ರತ್, ಹಾಗಾದ್ರೆ ಐಟಿಐ ಮುಗಿಸಿ ಏನು ಪ್ರಯೋಜನ?" ಎಂದ. ಎರಡು ವಾರದಿಂದ ಅವನು ತರಗತಿಗೆ ಹೋಗಿರಲಿಲ್ಲವಂತೆ. ಮುಂದಿನ ಶುಕ್ರವಾರ ಇದೇ ವಿಷಯದಲ್ಲಿ ಬಯಾನ್ ಮಾಡಿದೆವು. ಅದರ ಇತಿಹಾಸದ ಭಾಗ ಇಲ್ಲಿದೆ.

ಮಹ್ದಿ ಬರುವರೆಂಬುದು ಅಹ್ಲೆ ಸುನ್ನತ್‌ನವರ ನಂಬಿಕೆ. ಅವರು ಬೀಬಿ ಫಾತಿಮಾ(ರ)ರ ಸಂತತಿಯವರು, ಅನ್ಯಾಯ ತುಂಬಿದ ಭೂಮಿಯಲ್ಲಿ ನ್ಯಾಯ ತುಂಬುವರು ಎಂಬ ಆಶಯದ ಹದೀಸ್‌ಗಳು ಅಬೂದಾವೂದ್‌ನಲ್ಲಿವೆ. ಬುಖಾರಿ, ಮುಸ್ಲಿಮ್‌ಗಳಲ್ಲಿ ಆ ಹೆಸರಿನಿಂದ ಇಲ್ಲ. ಇಬ್ನ್ ಖಲ್ದೂನ್ ಈ ವರದಿಗಳ ಸನದುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಹುತೇಕವನ್ನು ದುರ್ಬಲವೆಂದರು. ಹೆಚ್ಚಿನ ಉಲಮಾಗಳು ಅವರ ಮಾತನ್ನು ಒಪ್ಪಲಿಲ್ಲ. ಶಿಯಾಗಳ ಪ್ರಕಾರ ಹನ್ನೆರಡನೇ ಇಮಾಮರು ಹಿಜರಿ 260ರಲ್ಲಿ ಮರೆಯಾದರು, ಅವರೇ ಮರಳುವರು. ಇದು ನಮಗೆ ದೂರದ ಮಾತೇನಲ್ಲ. ಬಿಜಾಪುರದ ಯೂಸುಫ್ ಆದಿಲ್ ಶಾಹ್ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದವನು. ನಮ್ಮ ಸೋಂದೆಯ ಅರಸರು ಮುಂದೆ ಕಪ್ಪ ಕೊಟ್ಟದ್ದು ಅದೇ ಬಿಜಾಪುರಕ್ಕೆ.

ಕರ್ನಾಟಕದಲ್ಲಿ ಇಂದಿಗೂ ಉಳಿದಿರುವುದು ಇನ್ನೊಂದು ಧಾರೆ. ಸಯ್ಯಿದ್ ಮುಹಮ್ಮದ್ ಜೌನ್‌ಪುರಿ 1443ರಲ್ಲಿ ಹುಟ್ಟಿದರು. ಅವರ ಮೂವತ್ತಾರನೇ ವಯಸ್ಸಿನಲ್ಲಿ, 1479ರಲ್ಲಿ, ಜೌನ್‌ಪುರದ ರಾಜ್ಯವೇ ಲೋದಿಗಳ ಪಾಲಾಯಿತು. ಅವರು ಊರು ಬಿಟ್ಟು ಹೊರಟರು. ದಖ್ಖನ್ನಿನಲ್ಲೂ ಆಗ ನೆಮ್ಮದಿ ಇರಲಿಲ್ಲ. 1481ರಲ್ಲಿ ಮಹಮೂದ್ ಗಾವಾನರ ತಲೆ ಕಡಿಸಿದ ಬಹಮನಿ ರಾಜ್ಯ ಒಡೆದು ಚೂರಾಗುತ್ತಿತ್ತು. ಹಜ್ಜ್‌ಗೆ ಹೋಗುವ ದಾರಿಯಲ್ಲಿ ಅವರು ಬೀದರ್, ಗುಲ್ಬರ್ಗಗಳಲ್ಲಿ ತಂಗಿದ್ದರೆಂದು ಮೆಹದವಿ ಗ್ರಂಥಗಳು ಹೇಳುತ್ತವೆ. ತಾನೇ ಮಹ್ದಿ ಎಂದು ಮಕ್ಕಾದಲ್ಲಿ, ಅನಂತರ ಗುಜರಾತಿನ ಬಡಲಿಯಲ್ಲಿ ಸಾರಿದರು. 1505ರಲ್ಲಿ ಅಫ್ಘಾನಿಸ್ತಾನದ ಫರಾಹ್‌ನಲ್ಲಿ ವಫಾತ್ ಆದರು.

ಅವರ ಆ ದಾವೆಯನ್ನು ನಾವು ಒಪ್ಪುವುದಿಲ್ಲ. ಭೂಮಿಯಲ್ಲಿ ನ್ಯಾಯ ತುಂಬಿದ್ದನ್ನು ಯಾರೂ ಕಾಣಲಿಲ್ಲ. ಆದರೆ ಜನ ಅವರ ಹಿಂದೆ ಹೋದದ್ದೇಕೆಂದು ನೋಡಬೇಕು. ಅವರ ಅನುಯಾಯಿಗಳು 'ದಾಯಿರಾ' ಕಟ್ಟಿಕೊಂಡು ಇರುತ್ತಿದ್ದರು. ಬಂದದ್ದನ್ನೆಲ್ಲ ಸರಿಸಮ ಹಂಚಿಕೊಳ್ಳುವುದು, ಹೊತ್ತು ಹೊತ್ತಿಗೆ ಝಿಕ್ರ್. ದರ್ಬಾರಿನ ಇನಾಮಿಗೆ ಕಾದು ಕುಳಿತ ಮೌಲ್ವಿಗಳನ್ನು ಕಂಡು ಬೇಸತ್ತ ಜನರಿಗೆ ಅದು ಹಿಡಿಸಿತು. (ನಾವೂ ಮೌಲ್ವಿಗಳೇ, ಈ ಮಾತು ನಮಗೂ ತಾಗುತ್ತದೆ.)

ಅಧಿಕಾರ ಸಿಕ್ಕಾಗ ಕಥೆ ಬದಲಾಯಿತು. 1589ರಲ್ಲಿ ಅಹ್ಮದ್‌ನಗರದಲ್ಲಿ ಬಾಲಕ ಸುಲ್ತಾನನನ್ನು ಕೂರಿಸಿ ಆಳಿದ ಮೆಹದವಿ ಸರದಾರ ಜಮಾಲ್ ಖಾನ್ ತನ್ನ ಪಂಥವನ್ನೇ ರಾಜ್ಯದ ಪಂಥ ಮಾಡಿದ. 1591ರಲ್ಲಿ ರೋಹಣ್‌ಖೇಡ್ ಯುದ್ಧದಲ್ಲಿ ಸತ್ತ. ಅದೇ ವರ್ಷ ಹಿಜರಿ 1000 ಆರಂಭವಾಯಿತು. ಸಾವಿರ ತುಂಬಿದಾಗ ಏನೋ ಆಗುವುದೆಂದು ಬಹಳ ಜನ ಕಾದಿದ್ದರು. ಹಿಜರಿ 1400ರ ಮೊದಲ ದಿನ, 1979ರ ನವೆಂಬರ್ 20ರಂದು, ಮಸ್ಜಿದುಲ್ ಹರಾಮ್‌ನಲ್ಲೇ ಬಂದೂಕು ಹಿಡಿದವರು ಒಬ್ಬನನ್ನು ಮಹ್ದಿ ಎಂದು ಘೋಷಿಸಿದರು. ಎರಡು ವಾರ ರಕ್ತ ಹರಿಯಿತು. ಆ 'ಮಹ್ದಿ'ಯೂ ಸತ್ತ. ಇದನ್ನು ಹೇಳಿದಾಗ ಹುಡುಗ ಮೊಬೈಲ್ ಕಿಸೆಗೆ ಹಾಕಿದ.

ನಮ್ಮ ನಾಡಿನ ಮೆಹದವಿಗಳು ಚನ್ನಪಟ್ಟಣದಲ್ಲಿ ನೆಲೆಸಿ ರೇಷ್ಮೆ ವ್ಯಾಪಾರ ಮಾಡಿದವರು. 'ದಾಯಿರೆಯವರು' ಎಂದೇ ಹೆಸರು. ಟಿಪ್ಪು ಸುಲ್ತಾನರ ಸೈನ್ಯದಲ್ಲೂ ಇದ್ದರು. ಆದರೂ ಕೊನೆಯ ವರ್ಷಗಳಲ್ಲಿ ಸುಲ್ತಾನರು ಅವರನ್ನು ರಾಜ್ಯದಿಂದ ಹೊರಹಾಕಿದರು. 1799ರ ನಂತರ ಮರಳಿ ಬಂದರು.

ಬಯಾನ್ ಆದ ಮೇಲೆ ಜಮಾಅತಿನ ಹಿರಿಯರೊಬ್ಬರು, "ಅಂಥವರು ಮನೆಗೆ ಬಂದರೆ ಚಹಾ ಕೊಡಬಹುದಾ?" ಎಂದು ಕೇಳಿದರು. ಚಹಾ ಅಲ್ಲ, ಊಟಕ್ಕೇ ಕೂರಿಸಿ ಎಂದೆವು. ಅವರಿಗೆ ಆ ಉತ್ತರ ರುಚಿಸಲಿಲ್ಲ. ಹುಡುಗ ಮಾತ್ರ ಸೋಮವಾರದ ಬಸ್ಸಿಗೆ ಸಿರ್ಸಿಗೆ ಹೋದನೆಂದು ಅವನ ತಾಯಿ ಹೇಳಿಕಳಿಸಿದರು.